ಪ್ರವಾಸದಲ್ಲಿ ನೀರು ಕುಡಿಯದ ಹೆಂಗಸರು

"ಡಾಕ್ಟ್ರೇ, ಧರ್ಮಸ್ಥಳಕ್ಕೆ ನಡೆದು ಬಂದೆವು. ಕಾಲುನೋವು ಹೋಗಲಿ, ಉರಿಮೂತ್ರ ತಡೆಯೋಕಾಗ್ತಿಲ್ಲ." ಶಿವರಾತ್ರಿ ಕಳೆದ ವಾರ ಇಂಥ ದೂರು ಹೊತ್ತು ಒಬ್ಬಿಬ್ಬರು ಹೆಂಗಸರಾದರೂ ನನ್ನಲ್ಲಿಗೆ ಬರುತ್ತಾರೆ. ಪಾದಯಾತ್ರೆಯವರು ಚನ್ನರಾಯಪಟ್ಟಣ, ಹಾಸನದ ಮೇಲೆ ಹಾದು ಘಟ್ಟ ಇಳಿಯುವುದು ನಿಮಗೆ ಗೊತ್ತೇ ಇದೆ. ದಾರಿಯಲ್ಲಿ ದಾನಿಗಳು ಮಜ್ಜಿಗೆ, ಪಾನಕ ಹಂಚುತ್ತಾರೆ. ಈ ಸಲ ಬಂದಾಕೆ ಅವನ್ನು ಮುಟ್ಟಿಯೇ ಇರಲಿಲ್ಲ. ಏಕೆಂದು ಕೇಳಿದರೆ ಗಂಡನ ಕಡೆ ನೋಡಿ ಸುಮ್ಮನಾದರು. ಆತನನ್ನು ಹೊರಗೆ ಕೂರಿಸಿದ ಮೇಲೆ ಹೇಳಿದರು: "ಕುಡಿದರೆ ಎಲ್ಲಿಗೆ ಹೋಗೋದು ಸಾರ್? ರಸ್ತೆ ತುಂಬ ಗಂಡಸರು."

ಇದು ಪಾದಯಾತ್ರೆಯ ತೊಂದರೆ ಮಾತ್ರವಲ್ಲ. ಗೊರೂರಿನ ಅಣೆಕಟ್ಟೆ ನೋಡಲು ಹೊರಟವರು, ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಕಾವೇರಿ ಸ್ನಾನಕ್ಕೆಂದು ಟೆಂಪೊ ಮಾಡಿಕೊಂಡು ಬಂದವರು, ಸಕಲೇಶಪುರದ ಕಡೆ ಡೇರೆ ಹಾಕಿ ರಾತ್ರಿ ತಂಗುವ ಈಗಿನ ಕಾಲದ ಸಂಸಾರಗಳು, ಎಲ್ಲರದೂ ಇದೇ ಕಥೆ. ಪುಳಿಯೋಗರೆ ಡಬ್ಬಿಯಿಂದ ಮಕ್ಕಳ ಬ್ಯಾಟಿನವರೆಗೆ ಎಲ್ಲವನ್ನೂ ನೆನಪಿಟ್ಟು ಕಟ್ಟುವ ಮನೆಯಾಕೆ ತನಗೊಂದು ಮರೆ ಬೇಕೆಂದು ಮಾತ್ರ ಬಾಯಿಬಿಡುವುದಿಲ್ಲ. ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಮಾಡುತ್ತಾರೆ.

ಹೆಂಗಸರಲ್ಲಿ ಮೂತ್ರಕೋಶದಿಂದ ಹೊರಗೆ ಬರುವ ನಾಳದ ಉದ್ದ ಸುಮಾರು 4 ಸೆಂಟಿಮೀಟರ್. ಗಂಡಸರಲ್ಲಿ 20ರ ಆಸುಪಾಸು. ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾಗೆ ಈ ಗಿಡ್ಡ ದಾರಿ ಹತ್ತುವುದು ಸುಲಭ. ಆಗಾಗ ಮೂತ್ರ ಹೋಗುತ್ತಿದ್ದರೆ ಅದು ತೊಳೆದುಕೊಂಡು ಹೋಗುತ್ತದೆ. ನೀರನ್ನೂ ಕುಡಿಯದೆ, ಬಂದದ್ದನ್ನೂ ಗಂಟೆಗಟ್ಟಲೆ ತಡೆದರೆ ಒಳಗೇ ಬೆಳೆಯುತ್ತದೆ. ಬಸುರಿಯರು, ಸಕ್ಕರೆ ಕಾಯಿಲೆಯವರು, ಮುಟ್ಟು ನಿಂತವರು ಹೆಚ್ಚು ಎಚ್ಚರದಿಂದಿರಬೇಕು. ಬಯಲಿಗೆ ನಾಚಿ ಎರಡಕ್ಕೆ ತಡೆಯುವ ಮಕ್ಕಳಿಗೆ ಮಲಬದ್ಧತೆ. ಪ್ರಾಸ್ಟೇಟ್ ಗ್ರಂಥಿ ಊದಿದ ಅಜ್ಜಂದಿರ ಪಾಡಂತೂ ಕೇಳುವುದೇ ಬೇಡ.

2018ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳದಲ್ಲಿ ಶೌಚಾಲಯ ಸಮೇತ ತಾತ್ಕಾಲಿಕ ನಗರಗಳನ್ನೇ ಕಟ್ಟಿದ್ದರು. ನಾಲ್ಕು ಜನರ ಸಂಸಾರಕ್ಕೆ ಯಾರು ಕಟ್ಟಿಕೊಟ್ಟಾರು? ನಾವೇ ಒಯ್ಯಬೇಕು. ನಮ್ಮ ಅಜ್ಜಿಯರ ಕಾಲದಲ್ಲಿ ಜಾತ್ರೆಯ ಗಾಡಿಯ ಪಕ್ಕ ನಾಲ್ಕು ಗೂಟ ನೆಟ್ಟು ಹಳೆ ಸೀರೆ ಸುತ್ತುತ್ತಿದ್ದರು. ಅದು ಇಂದಿಗೂ ಸಾಕು. ಈಗ ಮಡಚಿ ಚೀಲಕ್ಕೆ ತುಂಬುವ ನೈಲಾನ್ ಡೇರೆಗಳೂ ಬಂದಿವೆ. ಒಬ್ಬರು ಎದ್ದು ನಿಂತು ಬಟ್ಟೆ ಬದಲಿಸುವಷ್ಟು ಜಾಗ ಇರುತ್ತದೆ. ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗೆ ಗೂಟ ಹೊಡೆಯಿರಿ. ಒಳಗೆ ಮೇಣದಬತ್ತಿ ಬೇಡ, ನೈಲಾನಿಗೆ ಕಿಡಿ ಸಾಕು. ರಾತ್ರಿಯಾದರೆ ಟಾರ್ಚ್ ಬಿಟ್ಟು ಚೇಳು, ಹಾವು ಇಲ್ಲವೆಂದು ನೋಡಿಯೇ ಕಾಲಿಡಿ.

ಡೇರೆ ಹಾಕುವ ಜಾಗ ಮುಖ್ಯ. ಹೊಳೆ, ಕೆರೆ, ಬಾವಿಯಿಂದ ಕನಿಷ್ಠ 60 ಮೀಟರ್, ಎಂದರೆ ಸುಮಾರು 80 ಹೆಜ್ಜೆ ಆಚೆ ಇರಲಿ. ನೀವು ಕೊಳೆ ಬಿಟ್ಟ ಹೇಮಾವತಿಯ ನೀರನ್ನೇ ಕೆಳಗಿನ ಊರಿನವರು ಬಳಸುತ್ತಾರೆ. ಟೈಫಾಯ್ಡ್, ಕಾಲರಾ, ಕಾಮಾಲೆ ಹರಡುವುದು ಹೀಗೆಯೇ. ಒಂದು ಗೇಣು ಆಳದ ಗುಣಿ ತೋಡಿ, ಪ್ರತಿ ಸಲವೂ ಮಣ್ಣು ಎಳೆಯಿರಿ. ಮಂಡಿನೋವಿನ ಹಿರಿಯರಿಗೆ ಮಡಚುವ ಕಮೋಡ್ ಕುರ್ಚಿ ಸಿಗುತ್ತದೆ. ಮುಟ್ಟಿನ ಪ್ಯಾಡುಗಳನ್ನು ಹೂಳಬೇಡಿ, ಕಾಗದದಲ್ಲಿ ಸುತ್ತಿ ವಾಪಸ್ ತನ್ನಿ. ಡೇರೆಯ ಬಾಗಿಲಲ್ಲೇ ಒಂದು ಕೊಡ ನೀರು, ಸೋಪು ಇಡಿ. ಇಷ್ಟೆಲ್ಲ ಮಾಡಿ ಕೈ ತೊಳೆಯದೆ ಚಿತ್ರಾನ್ನ ಕಲಸಿದರೆ ಏನು ಬಂತು? ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆಯುವುದನ್ನು ಚಿಕ್ಕಂದಿನಲ್ಲೇ ಕಲಿಸಿ.

ಆಕೆಯ ಗಂಡನನ್ನು ಒಳಗೆ ಕರೆದು ಇದನ್ನೆಲ್ಲ ಹೇಳಿದೆ. "ಬಾಯಿಬಿಟ್ಟಿದ್ದರೆ ಗೂಟ ನಾನೇ ಹೊರುತ್ತಿದ್ದೆನಲ್ಲ ಸಾರ್" ಎಂದರು. ಆಕೆ ನೆಲ ನೋಡುತ್ತ ಕುಳಿತಿದ್ದರು.

ಪ್ರವಾಸದಿಂದ ಬಂದ ಮೇಲೆ ಉರಿ, ಪದೇಪದೇ ಹೋಗಬೇಕೆನ್ನಿಸುವುದು, ಕೆಳಹೊಟ್ಟೆ ನೋವು ಇದ್ದರೆ ಯಾರದೋ ಉಳಿದ ಮಾತ್ರೆ ನುಂಗಬೇಡಿ. ವೈದ್ಯರಿಗೆ ತೋರಿಸಿ, ಮೂತ್ರ ಪರೀಕ್ಷೆ ಮಾಡಿಸಿ, ಕೊಟ್ಟಷ್ಟು ದಿನವೂ ಔಷಧ ತೆಗೆದುಕೊಳ್ಳಿ. ಚಳಿಜ್ವರ, ವಾಂತಿ, ಪಕ್ಕೆಯ ಹಿಂಭಾಗದಲ್ಲಿ ನೋವು ಕಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಬಸುರಿಯರು ಇಷ್ಟಕ್ಕೆ ಕಾಯದೆ ಮೊದಲ ಉರಿಗೇ ಬರಬೇಕು.