ಸ್ಟೆಪ್ನಿ ಗೆದ್ದುಕೊಟ್ಟ ಕಪ್

ನಮ್ಮಪ್ಪ ಹಾಸನದಲ್ಲಿ ಟ್ಯಾಕ್ಸಿ ಓಡಿಸ್ತಿದ್ದವರು. ಬೆಳಿಗ್ಗೆ ಗಾಡಿ ತೆಗೆಯೋ ಮೊದಲು ನಾಲ್ಕೂ ಚಕ್ರ ನೋಡಿ, ಆಮೇಲೆ ಡಿಕ್ಕಿ ತೆಗೆದು ಸ್ಟೆಪ್ನಿಯನ್ನೂ ಒತ್ತಿ ನೋಡೋರು. "ಅದನ್ಯಾಕೆ ನೋಡ್ತೀರಪ್ಪಾ, ಅದು ಓಡೋದೇ ಇಲ್ವಲ್ಲ" ಅಂತ ಚಿಕ್ಕವನಿದ್ದಾಗ ಒಂದು ಸಲ ಕೇಳಿದ್ದೆ. "ಗಾಳಿ ಇಲ್ಲದ ಸ್ಟೆಪ್ನಿ ಸ್ಟೆಪ್ನಿ ಅಲ್ಲ ಕಣೋ, ಬರೀ ಭಾರ. ಶಿರಾಡಿ ಘಾಟಿಯಲ್ಲಿ ಮಳೇಲಿ ಪಂಕ್ಚರ್ ಆದಾಗ ಗೊತ್ತಾಗುತ್ತೆ ಅದರ ಬೆಲೆ" ಅಂದಿದ್ರು. ಆ ಮಾತು ನನಗೆ ಅರ್ಧ ಅರ್ಥವಾಗಿದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಒಂದು ಆಟ ನೋಡ್ತಾ. ಉಳಿದರ್ಧ ಅರ್ಥವಾಗೋಕೆ ಇನ್ನೂ ಐದು ವರ್ಷ ಬೇಕಾಯ್ತು.

2017ರ ಆಗಸ್ಟ್‌ನಲ್ಲಿ ಎಂ.ಎಸ್. ಮಾಡೋಕೆ ಆ ಊರಿಗೆ ಹೋದೆ. ಭಾನುವಾರ ಬಂತು ಅಂದ್ರೆ ಬಸ್ ಡ್ರೈವರಿಂದ ಹಿಡಿದು ಪ್ರೊಫೆಸರ್‌ವರೆಗೆ ಎಲ್ಲರ ಮೈಮೇಲೂ ಹಸಿರು ಅಂಗಿ. ಅದು ಅವರ ಫುಟ್‌ಬಾಲ್ ತಂಡ ಈಗಲ್ಸ್‌ನ ಬಣ್ಣ. ವಿಡಿಯೋ ಕಾಲ್‌ನಲ್ಲಿ ಟಿವಿ ಕಡೆ ಫೋನ್ ತಿರುಗಿಸಿದ್ರೆ ಅಮ್ಮ, "ಚೆಂಡನ್ನ ಕೈಲಿ ಹಿಡ್ಕೊಂಡು ಓಡ್ತಾವ್ರೆ, ಅದಕ್ಯಾಕೋ ಫುಟ್‌ಬಾಲ್ ಅಂತಾರೆ?" ಅಂತ ಕೇಳಿದ್ರು. ಸರಿಯಾದ ಪ್ರಶ್ನೆ. ಇವತ್ತಿಗೂ ನನ್ನ ಹತ್ರ ಉತ್ತರ ಇಲ್ಲ.

ಆಟದ ನಿಯಮ ಎಲ್ಲಾ ಹೇಳೋಕೆ ಹೋಗಲ್ಲ. ಇಷ್ಟು ತಿಳಿದಿದ್ದರೆ ಸಾಕು. ಮೈದಾನದಲ್ಲಿ ಒಂದು ಕಡೆಗೆ 11 ಜನ. ಆದರೆ ದಾಳಿ ಮಾಡೋರು ಬೇರೆ, ತಡೆಯೋರು ಬೇರೆ, ಒದೆಯೋರು ಬೇರೆ. ದಾಳಿಯ ಪಡೆಗೆ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರ್ತಾನೆ. ಚೆಂಡು ಯಾರಿಗೆ ಎಸೆಯಬೇಕು ಅಂತ ಕ್ಷಣದಲ್ಲಿ ನಿರ್ಧರಿಸೋನು ಅವನೇ. ಮೈಗೆ ಮೈ ಗುದ್ದೋ ಆಟವಾದ್ದರಿಂದ ಪ್ರತಿ ವಾರ ಯಾರಾದರೊಬ್ಬ ಕುಂಟಿಕೊಂಡು ಹೊರಗೆ ಹೋಗ್ತಾನೆ. ಅದಕ್ಕೇ ಎನ್‌ಎಫ್‌ಎಲ್ ಲೀಗ್‌ನಲ್ಲಿ ಒಂದು ತಂಡಕ್ಕೆ 53 ಆಟಗಾರರು. ಶುರುವಿನಲ್ಲಿ ಆಡೋ ದಾಳಿಕಾರರು, ತಡೆಯೋರು ಸೇರಿ 22. ಮಿಕ್ಕವರಲ್ಲಿ ಬಹುಪಾಲು ಸ್ಟೆಪ್ನಿಗಳೇ ಅನ್ನಿ.

ಕೊನೆಯವರಿಗೆ ಮೊದಲ ಪಾಲು

ಈ 53 ಜನ ಎಲ್ಲಿಂದ ಬರ್ತಾರೆ? ಮುಖ್ಯವಾಗಿ ಎರಡು ದಾರಿ. ಮೊದಲನೆಯದು ಡ್ರಾಫ್ಟ್. ನಮ್ಮ ಐಪಿಎಲ್ ಹರಾಜಿನ ಹಾಗೆ ಇಲ್ಲಿ ಕೂಗಿ ಕೊಳ್ಳೋ ಹಾಗಿಲ್ಲ. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ, ಕಪ್ ಗೆದ್ದವರಿಗೆ ಸಾಲಿನ ಕೊನೆ. ಕಾಲೇಜು ಹುಡುಗರನ್ನ 32 ತಂಡಗಳು ಹೀಗೆ ಏಳು ಸುತ್ತುಗಳಲ್ಲಿ ಆರಿಸ್ತವೆ. ಈ ಯೋಚನೆಯನ್ನ ಮುಂದಿಟ್ಟವರು ಈಗಲ್ಸ್ ತಂಡದ ಮಾಲೀಕರಾಗಿದ್ದ ಬರ್ಟ್ ಬೆಲ್. ಸೋತು ಸೋತು ಸುಣ್ಣವಾಗಿದ್ದ ತಂಡ ಅವರದು. ಒಳ್ಳೇ ಆಟಗಾರರೆಲ್ಲ ಗೆಲ್ಲೋ ತಂಡಗಳ ಕಡೆಗೇ ಹೋಗ್ತಿದ್ರು. ಮೊದಲ ಡ್ರಾಫ್ಟ್ ನಡೆದಿದ್ದು 1936ರ ಫೆಬ್ರುವರಿ 8ರಂದು, ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ. ತಮಾಷೆ ಏನಂದ್ರೆ, ಅವತ್ತು ಎಲ್ಲರಿಗಿಂತ ಮೊದಲು ಈಗಲ್ಸ್ ಆರಿಸಿದ ಜೇ ಬರ್ವಾಂಗರ್ ಈ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಎರಡನೆಯದು ಫ್ರೀ ಏಜೆನ್ಸಿ. ಒಪ್ಪಂದ ಮುಗಿದ ಆಟಗಾರ ತನಗೆ ಇಷ್ಟವಾದ ತಂಡಕ್ಕೆ ಹೋಗಬಹುದು. ಇದು ಈಗಿನ ರೂಪಕ್ಕೆ ಬಂದಿದ್ದು 1993ರಲ್ಲಿ, ಆಟಗಾರರು ಕೋರ್ಟು ಹತ್ತಿ ಹೋರಾಡಿದ ಮೇಲೆ. ದುಡ್ಡಿದ್ದವರೇ ಎಲ್ಲರನ್ನೂ ಬಾಚಿಕೊಳ್ಳಬಾರದು ಅಂತ ಮರುವರ್ಷದಿಂದ ಸಂಬಳದ ಮಿತಿ ಬಂತು. 2017ರಲ್ಲಿ ಆ ಮಿತಿ ತಂಡವೊಂದಕ್ಕೆ 16 ಕೋಟಿ 70 ಲಕ್ಷ ಡಾಲರ್.

ನನ್ನಂಥ ಇಂಜಿನಿಯರಿಂಗ್ ಹುಡುಗರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಡ್ರಾಫ್ಟ್ ಅಂದ್ರೆ ಕ್ಯಾಂಪಸ್ ಪ್ಲೇಸ್‌ಮೆಂಟ್. ಫ್ರೀ ಏಜೆನ್ಸಿ ಅಂದ್ರೆ ಅನುಭವ ಇಟ್ಕೊಂಡು ಕಂಪನಿ ಬದಲಾಯಿಸೋದು. ಏಳು ಸುತ್ತಲ್ಲೂ ಹೆಸರು ಬಾರದೆ ಉಳಿದ ಹುಡುಗರೂ ಇರ್ತಾರೆ. ಕಾಲೇಜಿಗೆ ಬಂದ ಕಂಪನಿಗಳೆಲ್ಲ ವಾಪಸ್ ಹೋದ ಮೇಲೆ ಖಾಲಿ ಸೆಮಿನಾರ್ ಹಾಲ್‌ನಲ್ಲಿ ಕೂತಿದ್ದ ನನಗೆ ಅವರ ಮೇಲೆ ತುಸು ಹೆಚ್ಚೇ ಅಕ್ಕರೆ.

ಈಗ ಲೆಕ್ಕ ನೋಡಿ. ಸಂಬಳಕ್ಕೆ ಮಿತಿ ಇದೆ ಅಂದ್ಮೇಲೆ ಸ್ಟೆಪ್ನಿಗೆ ಕೊಟ್ಟ ಪ್ರತಿ ರೂಪಾಯಿ ಓಡೋ ಚಕ್ರದಿಂದ ಕಿತ್ತಿದ್ದೇ. 2017ರ ಮಾರ್ಚ್‌ನಲ್ಲಿ ಈಗಲ್ಸ್ ನಿಕ್ ಫೋಲ್ಸ್ ಎಂಬ ಕ್ವಾರ್ಟರ್‌ಬ್ಯಾಕನ್ನ ಎರಡು ವರ್ಷಕ್ಕೆ 1 ಕೋಟಿ 10 ಲಕ್ಷ ಡಾಲರ್‌ಗೆ ಕರೆತಂದಿತು. ಬೆಂಚಿನ ಮೇಲೆ ಕೂರೋಕೆ! ತಂಡಕ್ಕಾಗಲೇ ಕಾರ್ಸನ್ ವೆಂಟ್ಸ್ ಇದ್ದ. 2016ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆಯ್ಕೆಯಾದ ಹುಡುಗ, ಊರಿನ ಕಣ್ಮಣಿ. ಫೋಲ್ಸ್ ಅದೇ ಈಗಲ್ಸ್ 2012ರ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಆರಿಸಿ, 2015ರಲ್ಲಿ ಬೇರೆ ತಂಡಕ್ಕೆ ಕೊಟ್ಟುಬಿಟ್ಟಿದ್ದವನು. 2016ರಲ್ಲಿ ಆಟವನ್ನೇ ಬಿಡೋ ಯೋಚನೆಯಲ್ಲಿದ್ದವನು.

ಡಿಸೆಂಬರ್ 10

ಸೀಸನ್ ಶುರುವಾಗ್ತಿದ್ದಂತೆ ಒಂದೊಂದೇ ಚಕ್ರ ಪಂಕ್ಚರ್ ಆಯ್ತು. ಮೊದಲ ಪಂದ್ಯದಲ್ಲೇ ಒದೆಯೋನಿಗೆ ಗಾಯ. ಇನ್ನೊಂದು ತಂಡದ ಅಭ್ಯಾಸದ ಪಟ್ಟಿಯಲ್ಲಿದ್ದ ಜೇಕ್ ಎಲಿಯಟ್ ಬಂದ. ಸೆಪ್ಟೆಂಬರ್ 24ರಂದು ಕೊನೇ ಕ್ಷಣದಲ್ಲಿ 61 ಗಜ ದೂರದಿಂದ ಒದ್ದು ಪಂದ್ಯ ಗೆಲ್ಲಿಸಿದ. ಅಕ್ಟೋಬರ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಎಡಪಕ್ಕ ಕಾಯೋ ಹಿರಿಯ ಜೇಸನ್ ಪೀಟರ್ಸ್ ಬಿದ್ದ. ಅವನ ಜಾಗಕ್ಕೆ 2016ರ ಡ್ರಾಫ್ಟ್‌ನ ಐದನೇ ಸುತ್ತಿನ ಹುಡುಗ ವೈಟಾಯ್.

ಡಿಸೆಂಬರ್ 10ರಂದು ಲಾಸ್ ಏಂಜಲೀಸ್‌ನಲ್ಲಿ ವೆಂಟ್ಸ್ ಗೆರೆ ದಾಟೋಕೆ ಹಾರಿ ಬಿದ್ದ. ಮಂಡಿಯ ಲಿಗಮೆಂಟ್ ಹರಿದಿತ್ತು. ಹರಿದ ಮಂಡಿಯಲ್ಲೇ ಇನ್ನೊಂದಿಷ್ಟು ಆಡಿ, ಟಚ್‌ಡೌನ್ ಎಸೆದು ಹೊರಗೆ ಹೋದ. ಫೋಲ್ಸ್ ಬಂದು 43-35ರಲ್ಲಿ ಪಂದ್ಯ ಮುಗಿಸಿದ. ಗೆದ್ದರೂ ನಮ್ಮ ಬೀದಿಯಲ್ಲಿ ಸಾವಿನ ಮನೆಯ ಮೌನ. ರೂಮ್‌ಮೇಟ್ "ಮುಗೀತು, ಎಲ್ಲಾ ಮುಗೀತು" ಅಂತ ಟಿವಿ ಆಫ್ ಮಾಡಿದ. ಫೋಲ್ಸ್ ಕೂಡ ಒಮ್ಮೆಲೇ ಮಿಂಚಲಿಲ್ಲ. ಸೀಸನ್‌ನ ಕೊನೇ ಪಂದ್ಯದಲ್ಲಿ ಅವನು ಆಡಿದ್ದು ಸ್ವಲ್ಪ ಹೊತ್ತು, ಅದೂ ಸಪ್ಪೆ. ತಂಡ ಒಂದು ಪಾಯಿಂಟೂ ಗಳಿಸದೆ 6-0ರಲ್ಲಿ ಸೋತಿತು.

ಆದರೆ ಕೋಚ್ ಡಗ್ ಪೀಡರ್ಸನ್ ಕೈಬಿಡಲಿಲ್ಲ. ಆಡುವ ದಿನಗಳಲ್ಲಿ ಅವರೂ ಬ್ರೆಟ್ ಫಾವ್ರ್ ಎಂಬ ದೊಡ್ಡ ಆಟಗಾರನ ಹಿಂದೆ ಬೆಂಚಿನ ಮೇಲೆ ಕೂತವರೇ. ನಾಕೌಟ್‌ನಲ್ಲಿ ಈಗಲ್ಸ್ 15-10ರಲ್ಲಿ ಅಟ್ಲಾಂಟಾವನ್ನ, 38-7ರಲ್ಲಿ ಮಿನ್ನೆಸೋಟಾವನ್ನ ಸೋಲಿಸಿತು. 2018ರ ಫೆಬ್ರುವರಿ 4ರಂದು ಸೂಪರ್ ಬೌಲ್. ಎದುರಿಗೆ ಟಾಮ್ ಬ್ರೇಡಿಯ ಪೇಟ್ರಿಯಟ್ಸ್.

ಅವತ್ತು ಈಗಲ್ಸ್ ಹೊಡೆದದ್ದು ಐದು ಟಚ್‌ಡೌನ್. ಗೆರೆ ದಾಟಿದ ಐವರನ್ನ ನೋಡಿ. ಜೆಫ್ರಿ, ಬ್ಲಂಟ್, ಫೋಲ್ಸ್ ಮೂವರೂ ಹಿಂದಿನ ಬೇಸಿಗೆಯೊಳಗೆ ಫ್ರೀ ಏಜೆನ್ಸಿಯಲ್ಲಿ ಬಂದವರು. ಅರ್ಟ್ಸ್ ಡ್ರಾಫ್ಟ್‌ನ ಎರಡನೇ ಸುತ್ತಿನವನು. ಕ್ಲೆಮೆಂಟ್‌ನನ್ನ ಡ್ರಾಫ್ಟ್‌ನಲ್ಲಿ ಯಾರೂ ಕೇಳಿಯೇ ಇರಲಿಲ್ಲ.

ಫೋಲ್ಸ್‌ನ ಆ ಟಚ್‌ಡೌನ್ ಹೇಗೆ ಬಂತು ಗೊತ್ತಾ? ಎಸೆಯೋ ಕೆಲಸ ಅವನದು, ಆದರೆ ಅವತ್ತು ಅವನು ಹಿಡಿದ. ಚೆಂಡು ನೇರ ಕ್ಲೆಮೆಂಟ್ ಕೈಗೆ ಹೋಯ್ತು. ಅವನು ಟ್ರೇ ಬರ್ಟನ್‌ಗೆ ಕೊಟ್ಟ. ಇವನನ್ನೂ ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲಿಲ್ಲ. ಬರ್ಟನ್ ಎಸೆದ, ಫೋಲ್ಸ್ ಹಿಡಿದ. ಕ್ಯಾಂಪಸ್‌ನಲ್ಲಿ ಕೆಲಸ ಸಿಗದ ಇಬ್ಬರು, ಕೆಲಸ ಬಿಡಬೇಕೆಂದಿದ್ದ ಒಬ್ಬ ಸೇರಿ ಬ್ರೇಡಿಯಂಥವನ ಎದುರು ಪಾಯಿಂಟ್ ತೆಗೆದರು! ಪಂದ್ಯ 41-33. ಈಗಲ್ಸ್‌ಗೆ ಮೊದಲ ಸೂಪರ್ ಬೌಲ್. ಪಂದ್ಯದ ಶ್ರೇಷ್ಠ ಆಟಗಾರ ಫೋಲ್ಸ್. ಮೆರವಣಿಗೆ ನಡೆದದ್ದು ಫೆಬ್ರುವರಿ 8ಕ್ಕೆ. ಬರ್ಟ್ ಬೆಲ್‌ರ ಮೊದಲ ಡ್ರಾಫ್ಟ್‌ಗೆ ಅವತ್ತಿಗೆ ಸರಿಯಾಗಿ 82 ವರ್ಷ.

ಸ್ಟೆಪ್ನಿ ಇಲ್ಲದವರ ಕಥೆ

ನನಗೆ ಹೆಚ್ಚು ಕಾಡಿದ್ದು ಇದಕ್ಕೂ ಹಿಂದಿನ ಒಂದು ವ್ಯವಹಾರ. 2016ರ ಆಗಸ್ಟ್ ಕೊನೆಯಲ್ಲಿ ಮಿನ್ನೆಸೋಟಾ ತಂಡದ ಕ್ವಾರ್ಟರ್‌ಬ್ಯಾಕ್ ಬ್ರಿಡ್ಜ್‌ವಾಟರ್ ಅಭ್ಯಾಸದಲ್ಲೇ ಮಂಡಿ ಮುರಿದುಕೊಂಡ. ಸೀಸನ್‌ಗೆ ಎರಡು ವಾರವೂ ಇರಲಿಲ್ಲ, ಅವರ ಬಳಿ ನಂಬಿಕೆಯ ಬದಲಿ ಇಲ್ಲ. ಈಗಲ್ಸ್ ಹತ್ರ ಸ್ಯಾಮ್ ಬ್ರಾಡ್‌ಫರ್ಡ್ ಇದ್ದ. 2015ರಲ್ಲಿ ಫೋಲ್ಸ್‌ನನ್ನ ಕೊಟ್ಟು ತಂದದ್ದು ಇವನನ್ನೇ. ನಾಲ್ಕೇ ದಿನದಲ್ಲಿ ಅವನಿಗಾಗಿ ಮಿನ್ನೆಸೋಟಾ ತನ್ನ 2017ರ ಮೊದಲ ಸುತ್ತಿನ ಆಯ್ಕೆಯನ್ನೇ ಬಿಟ್ಟುಕೊಟ್ಟಿತು. ಘಾಟಿ ಮಧ್ಯೆ ಟೈರ್ ಕೊಳ್ಳೋಕೆ ಹೋದ್ರೆ ಅಂಗಡಿಯವನು ಹೇಳಿದ್ದೇ ರೇಟು!

ಆ ಆಯ್ಕೆಯಲ್ಲಿ ಈಗಲ್ಸ್ ತಂದದ್ದು ಡೆರೆಕ್ ಬಾರ್ನೆಟ್‌ನನ್ನ. ಸೂಪರ್ ಬೌಲ್‌ನ ಕೊನೇ ನಿಮಿಷಗಳಲ್ಲಿ ಬ್ರೇಡಿಯ ಕೈಯಿಂದ ಚೆಂಡು ಜಾರಿ ಬಿದ್ದಾಗ ಅದನ್ನ ಹಿಡಿದುಕೊಂಡವನು ಇದೇ ಬಾರ್ನೆಟ್.

ಆಸ್ಪತ್ರೆಯ ಕಾರಿಡಾರ್

ಇಷ್ಟೆಲ್ಲ ಬಾಯಿಪಾಠ ಮಾಡಿದ್ದ ನಾನು ನನ್ನ ಜೀವನದಲ್ಲಿ ಮಾಡಿದ್ದೇನು? ಕೆಲಸಕ್ಕೆ ಸೇರಿದ ಮೇಲೆ ನಮ್ಮ ಟೀಮ್‌ನ ಬಿಲ್ಲಿಂಗ್ ಕೋಡ್ ಪೂರ್ತಿ ನನ್ನೊಬ್ಬನ ಕೈಯಲ್ಲಿತ್ತು. ಯಾರಿಗೂ ಹೇಳಿಕೊಡಲಿಲ್ಲ, ಎಲ್ಲೂ ಬರೆದಿಡಲಿಲ್ಲ. ಕೇಳಿದ್ರೆ "ಟೈಮ್ ಇಲ್ಲ" ಅಂತಿದ್ದೆ. ನಿಜ ಹೇಳಬೇಕಂದ್ರೆ, ನಾನಿಲ್ದೆ ಇದು ನಡೆಯಲ್ಲ ಅನ್ನೋದು ಒಳಗೊಳಗೇ ಖುಷಿ ಕೊಡ್ತಿತ್ತು. ಪ್ಲೇಸ್‌ಮೆಂಟ್‌ನಲ್ಲಿ ಬೇಡವಾಗಿದ್ದವನಿಗೆ ಅದೊಂದು ಸಮಾಧಾನ.

2023ರ ಫೆಬ್ರುವರಿಯಲ್ಲಿ ಅಮ್ಮನಿಗೆ ಆಪರೇಷನ್ ಅಂತ ಓಡಿ ಬಂದೆ. ಮರುದಿನ ನಡುರಾತ್ರಿ ಫೋನ್. ಅಲ್ಲಿ ಮಧ್ಯಾಹ್ನ, ಬಿಲ್ಲಿಂಗ್ ನಿಂತುಹೋಗಿದೆ. ಐಸಿಯು ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಫ್ಲಾಸ್ಕ್‌ನಲ್ಲಿ ಕಾಫಿ ತಂದ ಅಕ್ಕ, "ನಿನ್ನ ಬಿಟ್ರೆ ಅಲ್ಲಿ ಯಾರೂ ಇಲ್ವೇನೋ?" ಅಂದಳು. ಇಲ್ಲ ಅಂತ ಹೆಮ್ಮೆಯಿಂದಲೇ ತಲೆಯಾಡಿಸಿದೆ. ಬೆಳಗಿನ ಜಾವ ಅಮ್ಮ ಕಣ್ಣು ಬಿಟ್ಟು ಮೊದಲು ಕೇಳಿದ್ದು ನನ್ನನ್ನಂತೆ. ನಾನು ಮೆಟ್ಟಿಲ ಹತ್ರ ಫೋನಲ್ಲಿದ್ದೆ. ನಾನು ಒಳಗೆ ಹೋಗೋ ಹೊತ್ತಿಗೆ ಅವರು ಮತ್ತೆ ನಿದ್ದೆಗೆ ಜಾರಿದ್ದರು.

ಅಪ್ಪ ಬೈಯಲಿಲ್ಲ. "ಒಂದೇ ಟೈರ್‌ನಲ್ಲಿ ಎಷ್ಟು ದೂರ ಓಡಿಸ್ತಾರಪ್ಪಾ ಅವರು?" ಅಂದ್ರು. ತಪ್ಪು ಅವರದಷ್ಟೇ ಅಲ್ಲ, ಸ್ಟೆಪ್ನಿ ಇಡೋಕೆ ಬಿಡದವನು ನಾನೇ ಅಂತ ಅಪ್ಪನಿಗೆ ಹೇಳೋ ಧೈರ್ಯ ಬರಲಿಲ್ಲ.

ವಾಪಸ್ ಹೋದವನೇ ಮ್ಯಾನೇಜರ್ ಹತ್ರ ಇನ್ನೊಬ್ಬರನ್ನ ಕೇಳಿದೆ. ಬಜೆಟ್ ಇಲ್ಲ ಅಂದ್ರು, ಬೆನ್ನುಬಿದ್ದೆ. ಆಗಷ್ಟೇ ಓದು ಮುಗಿಸಿದ ಹುಡುಗಿಯೊಬ್ಬಳು ಬಂದಳು. ಆರು ತಿಂಗಳು ಪ್ರತಿ ಶುಕ್ರವಾರ ಕೀಬೋರ್ಡ್ ಅವಳ ಕೈಗೆ, ನಾನು ಪಕ್ಕದ ಕುರ್ಚಿಗೆ. ಅವಳು ತಪ್ಪು ಮಾಡಿದಾಗ ಕೈ ಹಾಕದೆ ಕೂರೋದೇ ಕಷ್ಟದ ಕೆಲಸ. ಬೆಂಚಿನ ಮೇಲೆ ಸುಮ್ಮನೆ ಕೂರಿಸಿದ್ರೆ ಆಯ್ತಾ? ಗಾಳಿಯೂ ತುಂಬಬೇಕಲ್ಲ.

ಮೊನ್ನೆ ಅಪ್ಪನ 60ರ ಶಾಂತಿಗೆ ಮೂರು ವಾರ ರಜೆ ಹಾಕಿ ಊರಿಗೆ ಬಂದೆ. ಲ್ಯಾಪ್‌ಟಾಪ್ ಬ್ಯಾಗಿನಿಂದ ಹೊರಗೇ ಬರಲಿಲ್ಲ. ಹೋಮದ ದಿನವೇ ಅಲ್ಲಿ ಬಿಲ್ಲಿಂಗ್ ಕೈಕೊಟ್ಟಿತ್ತು, ಅರ್ಧ ಗಂಟೆಯಲ್ಲಿ ಆ ಹುಡುಗಿ ಸರಿಮಾಡಿದ್ದಳು. ನನಗೆ ಗೊತ್ತಾಗಿದ್ದು ರಜೆ ಮುಗಿಸಿ ಹೋದ ಮೇಲೆ. ಒಂದು ಕ್ಷಣ ಎದೆಯಲ್ಲಿ ಸಣ್ಣಗೆ ಚುಚ್ಚಿದ್ದು ಸುಳ್ಳಲ್ಲ. ನಾನಿಲ್ಲದೆಯೂ ನಡೀತಲ್ಲ ಅಂತ.

ಆಮೇಲೆ ಫೋನ್‌ನಲ್ಲಿ ಫೋಟೋ ನೋಡಿದೆ. ಅಮ್ಮ ಅಪ್ಪನಿಗೆ ಹಾರ ಹಾಕ್ತಿದ್ದಾರೆ, ಪಕ್ಕದಲ್ಲೇ ಹೂವಿನ ತಟ್ಟೆ ಹಿಡಿದು ನಾನು ನಿಂತಿದ್ದೀನಿ.