ನೀಲಿ ಚುಕ್ಕೆಯ ಪಾಠ

ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸ್ ಆಸುಪಾಸಿನ ಹೋಟೆಲುಗಳ ಮುಂದೆ ರಾತ್ರಿ ಊಟದ ಹೊತ್ತಿಗೆ ಡೆಲಿವರಿ ಹುಡುಗರ ಬೈಕುಗಳು ಸಾಲುಗಟ್ಟುತ್ತವೆ. ಪಾರ್ಸಲ್ ಕೈಗೆ ಬರುವ ತನಕ ಬಿಡುವು. ಆ ಬಿಡುವಿನಲ್ಲೇ ಹಳಬನೊಬ್ಬ, ಸಿಂಧನೂರು ಕಡೆಯಿಂದ ಬಂದ ಹೊಸ ಹುಡುಗನಿಗೆ ಮ್ಯಾಪ್ ಹೇಳಿಕೊಡುತ್ತಿದ್ದಾನೆ.

“ಅಣ್ಣಾ, ಯಾ ಕಡಿ ಹೋಗು ಅಂತೈತೋ ತಿಳಿವಲ್ದು.”

“ನಿಂತಲ್ಲೇ ಒಂದು ಸುತ್ತು ತಿರುಗು, ನೋಡೋಣ.”

ಹುಡುಗ ಫೋನ್ ಹಿಡಿದು ಮೆಲ್ಲಗೆ ತಿರುಗಿದ. ನೀಲಿ ಚುಕ್ಕೆ ಇದ್ದಲ್ಲೇ ಇತ್ತು. ಅದರಿಂದ ಬೀಸಣಿಗೆಯಂತೆ ಹರಡಿದ ತಿಳಿನೀಲಿ ಬೆಳಕು ಮಾತ್ರ ಅವನ ಜೊತೆ ತಿರುಗಿತು. ಎಲ್ಲಿದ್ದೀಯ ಎಂಬುದನ್ನು ಫೋನ್ ಲೆಕ್ಕ ಹಾಕುವುದು ಉಪಗ್ರಹಗಳ ಸಂಕೇತದಿಂದ, ಅದಕ್ಕೆ ಕನಿಷ್ಠ 4 ಉಪಗ್ರಹ ಬೇಕು. ಯಾವ ಕಡೆ ಮುಖ ಮಾಡಿದ್ದೀಯ ಎನ್ನುವುದು ಒಳಗಿನ ಪುಟ್ಟ ದಿಕ್ಸೂಚಿಯ ಕೆಲಸ. ಇವೆರಡೂ ಬೇರೆ ಎಂದು ಹೊಳೆದದ್ದೇ ಹುಡುಗನ ಹುಬ್ಬಿನ ಗಂಟು ಸಡಿಲಾಯಿತು.

“ಈಗ ಎರಡು ಬೆರಳು ಕೂಡಿಸು.”

ಬೀದಿಗಳು ಚಿಕ್ಕದಾಗಿ, ಸುತ್ತಲಿನ ಬಡಾವಣೆಗಳೆಲ್ಲ ಪರದೆಯೊಳಕ್ಕೆ ಬಂದವು.

“ಮೇಲ್ಗಡೆ ಹಸಿರು ಕಾಣ್ತಲ್ಲ, ಲಾಲ್‌ಬಾಗ್. ಅದು ಯಾವಾಗ್ಲೂ ಮೇಲೇ ಇರ್ಲಿ. ಮ್ಯಾಪ್ ತಿರುಗಿಬಿಟ್ರೆ ಮೂಲೇಲಿರೋ ದಿಕ್ಸೂಚಿ ಒತ್ತು, ಉತ್ತರ ಮೇಲಕ್ಕೆ ಬರುತ್ತೆ.”

ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ನಾವು ಹೋದ ಕಡೆಗೆಲ್ಲ ತಾನೂ ತಿರುಗುವ ಮ್ಯಾಪು ಎಡ–ಬಲ ಹೇಳಿ ಮನೆ ಮುಟ್ಟಿಸುತ್ತದೆ, ನಿಜ. ಆದರೆ ವರ್ಷಗಟ್ಟಲೆ ಹಾಗೆ ಓಡಾಡಿದವರಿಗೂ ಯಾವ ಬಡಾವಣೆಯ ಮಗ್ಗುಲಿಗೆ ಯಾವುದಿದೆ ಎಂಬುದು ಕೂಡಿಬರುವುದಿಲ್ಲ. ಬೈಕಿಗೆಂದೇ ದಾರಿ ತೋರಿಸುವ ಸೌಲಭ್ಯವನ್ನು ಗೂಗಲ್ 2017ರ ಕೊನೆಗೆ ಮೊದಲು ತಂದದ್ದು ಭಾರತದಲ್ಲೇ. ಕಾರು ನುಗ್ಗದ ಗಲ್ಲಿಗಳೂ ಅದರಲ್ಲಿವೆ. ಆ ಗಲ್ಲಿಗಳನ್ನು ತನ್ನದಾಗಿಸಿಕೊಳ್ಳಬೇಕಾದರೆ ಹೊರಡುವ ಮೊದಲು ಒಮ್ಮೆ ಇಡೀ ದಾರಿಯನ್ನು ಕಣ್ಣಲ್ಲಿ ಓಡಿಸಬೇಕು. ಮಳೆಯಲ್ಲಂತೂ ಬೇರೆ ದಾರಿಯೇ ಇಲ್ಲ: ಪರದೆಯ ಮೇಲೆ ಬಿದ್ದ ಹನಿಯನ್ನೂ ಫೋನ್ ಬೆರಳೆಂದು ತಿಳಿದು ಮ್ಯಾಪನ್ನು ಎಲ್ಲಿಗೋ ಎಳೆದೊಯ್ಯುತ್ತದೆ. ಫ್ಲೈಓವರ್ ಬಳಿ ಮೇಲಿದ್ದೀಯೋ ಕೆಳಗಿದ್ದೀಯೋ ಎಂಬುದೂ ಅದಕ್ಕೆ ಎಷ್ಟೋ ಸಲ ತಿಳಿಯದು.

ಒಳಗಿನಿಂದ ಆರ್ಡರ್ ನಂಬರ್ ಕೂಗಿದರು. ತಿಲಕ್ ನಗರದ ಪಾರ್ಸಲ್. ಹುಡುಗ ಪಾರ್ಸಲನ್ನು ಬ್ಯಾಗಿಗೆ ಇಳಿಸಿ, ಹೆಬ್ಬೆರಳಿನಿಂದ ಪರದೆ ಒರೆಸಿ ನೋಡಿದ.

“ಲಾಲ್‌ಬಾಗ್ ಮ್ಯಾಲೈತಿ... ಹಂಗಾದ್ರ ತಿಲಕ್ ನಗರ ಬಲಕ್ಕ. ಹೌದಿಲ್ರಿ ಅಣ್ಣ?”

“ಹೌದು. ಪಿನ್ ಒಂದನ್ನೇ ನಂಬ್ಕೋಬೇಡ, ಗೇಟು ಹಿಂದಿನ ಬೀದೀಲೂ ಇರುತ್ತೆ. ಕ್ರಾಸ್ ಸೇರ್ತಿದ್ದಂಗೆ ಒಂದು ಫೋನ್ ಹಾಕು.”