ಹುಲ್ಲಿನ ಊರಿನಲ್ಲಿ ಮೊಲದ ಪೆಲೆಟ್

ಹುಬ್ಬಳ್ಳಿಯ ಯಾವುದಾದರೂ ಸಾಕುಪ್ರಾಣಿ ಅಂಗಡಿಯಲ್ಲಿ ಮೊಲಕ್ಕೆ ತಿನಿಸು ಕೇಳಿದರೆ ಸಾಮಾನ್ಯವಾಗಿ ಎರಡು ಬಗೆಯ ಪೊಟ್ಟಣ ಮುಂದೆ ಬರುತ್ತವೆ. ಒಂದರಲ್ಲಿ ಚಪ್ಪಟೆ ಮಾಡಿದ ಗೋವಿನಜೋಳ, ಕೆಂಪು–ಹಸಿರು ಬಿಲ್ಲೆ, ಸೂರ್ಯಕಾಂತಿ ಬೀಜ, ಒಣಗಿದ ಗಜ್ಜರಿ ಚೂರು. ನೋಡಿದರೆ ನಮಗೇ ಒಂದು ಮುಕ್ಕು ತಿನ್ನಬೇಕು ಅನಿಸುವಂಥ ಚೂಡಾ. ಇನ್ನೊಂದರಲ್ಲಿ ಮಂಕು ಹಸಿರು ಬಣ್ಣದ, ಎಲ್ಲವೂ ಒಂದೇ ಅಚ್ಚಿನ ಸಣ್ಣ ಗುಳಿಗೆಗಳು. ಅದಕ್ಕೇ ಪೆಲೆಟ್ ಎನ್ನುತ್ತಾರೆ. ಕೊಳ್ಳಬೇಕಾದದ್ದು ಈ ಎರಡನೆಯದು. ಅದರಲ್ಲೂ ಹುಲ್ಲಿಗೆ ಹತ್ತಿರವಾದಷ್ಟೂ ಅದು ಒಳ್ಳೆಯದು. ಆದರೆ ಎಷ್ಟೇ ಒಳ್ಳೆಯದಾಗಿದ್ದರೂ ಅದನ್ನು ಹುಲ್ಲಿನ ಜಾಗದಲ್ಲಿ ಕೂರಿಸಬಾರದು. ಊಟದ ಎಲೆಯಲ್ಲಿ ಉಪ್ಪಿನಕಾಯಿಗೆ ಎಷ್ಟು ಜಾಗವೋ, ಮೊಲದ ದಿನದ ಆಹಾರದಲ್ಲಿ ಪೆಲೆಟ್‌ಗೆ ಹೆಚ್ಚುಕಡಿಮೆ ಅಷ್ಟೇ ಜಾಗ.

ಇದಕ್ಕೆ ಕಾರಣ ಮೊಲದ ಬಾಯಿ ಮತ್ತು ಹೊಟ್ಟೆ. ಅದರ ಹಲ್ಲುಗಳು ಬದುಕಿರುವತನಕ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಗಂಟೆಗಟ್ಟಲೆ ಹುಲ್ಲಿನ ಎಸಳನ್ನು ಅಡ್ಡಡ್ಡವಾಗಿ ಅರೆದಾಗ ಮಾತ್ರ ದವಡೆ ಹಲ್ಲುಗಳು ಸಮನಾಗಿ ಸವೆಯುತ್ತವೆ. ಪೆಲೆಟ್ ಎರಡು ಕಡಿತಕ್ಕೆ ಪುಡಿಯಾಗಿ ಹೋಗುತ್ತದೆ. ಇನ್ನು ಹೊಟ್ಟೆಯ ಲೆಕ್ಕ ಬೇರೆಯೇ. ಹಸುವಿನಂತೆ ಮೊಲ ಮೆಲುಕು ಹಾಕುವುದಿಲ್ಲ. ಅದರ ಹುದುಗಿನ ಕೆಲಸ ನಡೆಯುವುದು ಕರುಳಿನ ಹಿಂಭಾಗದಲ್ಲಿರುವ ಸೀಕಮ್ ಎಂಬ ದೊಡ್ಡ ಚೀಲದಲ್ಲಿ. ತಿಂದದ್ದು ಅಲ್ಲಿಗೆ ಬರುವಾಗ ದೊಡ್ಡಕರುಳು ಒಂದು ಜರಡಿಯ ಕೆಲಸ ಮಾಡುತ್ತದೆ: ಒರಟು ನಾರನ್ನು ಬೇಗ ಹೊರಗೆ ತಳ್ಳಿ ಒಣ ಹಿಕ್ಕೆ ಮಾಡುತ್ತದೆ, ನುಣ್ಣನೆಯ ಕಣಗಳನ್ನು ಹಿಂದಕ್ಕೆ ಸೀಕಮ್ಮಿಗೆ ಕಳಿಸುತ್ತದೆ. ಅಲ್ಲಿ ಹುದುಗಿದ್ದು ಮೆತ್ತನೆಯ, ದ್ರಾಕ್ಷಿಗೊನೆಯಂಥ ಹಿಕ್ಕೆಯಾಗಿ ಹೊರಬರುತ್ತದೆ. ಅದನ್ನು ಮೊಲ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಹೇಸಿಗೆ ಎಂದು ಇದನ್ನು ತಪ್ಪಿಸಲು ಹೋಗಬಾರದು, ಅದರ ಬಿ ಜೀವಸತ್ವ ಮತ್ತು ಪ್ರೋಟೀನಿನ ಒಂದು ಪಾಲು ಬರುವುದೇ ಅಲ್ಲಿಂದ. ಒರಟು ನಾರು ಕಡಿಮೆಯಾದರೆ ಕರುಳಿನ ಚಲನೆ ನಿಧಾನವಾಗುತ್ತದೆ, ಪಿಷ್ಟ ಹೆಚ್ಚಾದರೆ ಸೀಕಮ್ಮಿನ ಸೂಕ್ಷ್ಮಜೀವಿಗಳ ಸಮತೋಲ ಕೆಡುತ್ತದೆ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಅರ್ಧ ದಿನ ಏನೂ ತಿನ್ನದೆ ಕುಳಿತ ಮೊಲವನ್ನು ಪಶುವೈದ್ಯರು ತುರ್ತು ಎಂದೇ ನೋಡುತ್ತಾರೆ.

ಹಾಗಿದ್ದರೆ ಕಂಪನಿಯವರು 'ಸಮತೋಲಿತ, ಸಂಪೂರ್ಣ ಆಹಾರ' ಎಂದು ಅಚ್ಚು ಹಾಕುವುದು ಸುಳ್ಳೇ ಎಂದು ಯಾರಾದರೂ ಕೇಳಬಹುದು. ಪೂರ್ತಿ ಸುಳ್ಳಲ್ಲ, ಆದರೆ ಯಾರಿಗೆ ಸಂಪೂರ್ಣ ಎನ್ನುವುದು ಪ್ರಶ್ನೆ. ಮೊಲದ ಪೆಲೆಟ್ ಹುಟ್ಟಿದ್ದು ಮಾಂಸ, ಉಣ್ಣೆ ಮತ್ತು ಪ್ರಯೋಗಾಲಯದ ಮೊಲಗಳಿಗಾಗಿ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1977ರಲ್ಲಿ ಪ್ರಕಟಿಸಿದ ಮೊಲದ ಪೋಷಕಾಂಶಗಳ ಪಟ್ಟಿಯಲ್ಲಿ ಬೆಳೆಯುವ ಮರಿಗೆ ಪ್ರೋಟೀನ್ ಶೇ. 16, ನಾರು ಶೇ. 10–12, ಸುಮ್ಮನೆ ಬದುಕಿರುವ ದೊಡ್ಡ ಮೊಲಕ್ಕೆ ಪ್ರೋಟೀನ್ ಶೇ. 12, ನಾರು ಶೇ. 14. ಮೊದಲ ಸಾಲು ಕೆಲವೇ ತಿಂಗಳಲ್ಲಿ ತೂಕ ಬರಿಸಿ ಮಾರುವವನ ಲೆಕ್ಕ. ನಮ್ಮ ದೇಶದಲ್ಲೂ ಮೊಲದ ಅಧ್ಯಯನ ಬೆಳೆದದ್ದು ರಾಜಸ್ಥಾನದ ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ, ಕೊಡೈಕೆನಾಲ್ ಬಳಿಯ ಮನ್ನವನೂರಿನ ಅದರ ಕೇಂದ್ರ ಇಂಥ ಕಡೆ, ಸಾಕಣೆಯ ಉದ್ದೇಶದಿಂದ. ಆ ವಿಜ್ಞಾನದಲ್ಲಿ ದೋಷವಿಲ್ಲ. ಆದರೆ ಹುಬ್ಬಳ್ಳಿಯ ವಿದ್ಯಾನಗರದ ಮನೆಯೊಂದರ ಬಾಲ್ಕನಿಯಲ್ಲಿ ಎಂಟು–ಹತ್ತು ವರ್ಷ ಬದುಕಬೇಕಾದ ಎರಡು ಕಿಲೋ ಮೊಲ ಯಾವ ಸಂತೆಗೂ ಹೋಗುವುದಿಲ್ಲ. ಅದಕ್ಕೆ ಇಂದು ಪಶುವೈದ್ಯರು ಹೇಳುವುದು ಇನ್ನೂ ಹೆಚ್ಚಿನ ನಾರು: ಕನಿಷ್ಠ ಶೇ. 18, ಇಪ್ಪತ್ತು ದಾಟಿದರೆ ಒಳ್ಳೆಯದು, ಪ್ರೋಟೀನ್ ಶೇ. 12–14, ಕೊಬ್ಬು ಶೇ. 3ರ ಒಳಗೆ, ಕ್ಯಾಲ್ಸಿಯಂ ಶೇ. 1ನ್ನು ದಾಟದಿರಲಿ.

ಕ್ಯಾಲ್ಸಿಯಂ ಮಾತು ಯಾಕೆಂದರೆ, ಮೊಲ ತಿಂದ ಕ್ಯಾಲ್ಸಿಯಂನ ಬಹುಪಾಲನ್ನು ಬೇಕೋ ಬೇಡವೋ ನೋಡದೆ ಹೀರಿಕೊಂಡು ಹೆಚ್ಚಾದದ್ದನ್ನು ಮೂತ್ರದಲ್ಲಿ ಸುರಿಯುತ್ತದೆ. ಅತಿಯಾದರೆ ಮೂತ್ರಕೋಶದಲ್ಲಿ ಸುಣ್ಣದ ಕೆಸರು ಕೂರುತ್ತದೆ. ಕುದುರೆ ಮಸಾಲೆ ಸೊಪ್ಪಿನಿಂದ (ಪೊಟ್ಟಣದ ಮೇಲೆ 'ಅಲ್ಫಾಲ್ಫಾ' ಎಂದಿರುತ್ತದೆ) ಮಾಡಿದ ಪೆಲೆಟ್‌ನಲ್ಲಿ ಪ್ರೋಟೀನೂ ಕ್ಯಾಲ್ಸಿಯಮ್ಮೂ ಹೆಚ್ಚು. ಆರು–ಏಳು ತಿಂಗಳ ಒಳಗಿನ ಮರಿಗೆ ಅದು ಸರಿ, ಆಮೇಲೆ ಹುಲ್ಲಿನ ಪೆಲೆಟ್‌ಗೆ ಬದಲಾಯಿಸಬೇಕು.

ಈಗ ಪೊಟ್ಟಣದ ಹಿಂಬದಿ. ಮೊದಲು ನೋಡಬೇಕಾದ್ದು ಅಂಕಿಯನ್ನಲ್ಲ, ಅಂಕಿಯ ಪಕ್ಕದ ಪದವನ್ನು. ಮೊಲದ ಪೆಲೆಟ್ ಆಗಿದ್ದರೆ ನಾರಿನ ಮುಂದೆ 'ಕನಿಷ್ಠ' ಎಂದಿರಬೇಕು. 'ಗರಿಷ್ಠ' ಎಂದಷ್ಟೇ ಇದ್ದರೆ ತಯಾರಿಸಿದವರು ನಾರನ್ನು ಖರ್ಚು ತಗ್ಗಿಸುವ ಭರ್ತಿ ಎಂದು ನೋಡಿದ್ದಾರೆ, ಆಹಾರ ಎಂದಲ್ಲ. ದನದ ಹಿಂಡಿಯ ಚೀಲದಲ್ಲಿ ಹಾಗೆ ಬರೆಯುವುದು ಸರಿಯೇ, ಹಸುವಿಗೆ ಕಣಕಿ ಬೇರೆ ಸಿಗುತ್ತದೆ. ಆದರೆ ಕನಿಷ್ಠ ಇಪ್ಪತ್ತು ಎಂದಿದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ. ಪೊಟ್ಟಣದಲ್ಲಿರುವ 'ಕಚ್ಚಾ ನಾರು' ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ರೂಪುಗೊಂಡ ಪರೀಕ್ಷೆಯ ಅಳತೆ: ಮಾದರಿಯನ್ನು ಆಮ್ಲದಲ್ಲೂ ಕ್ಷಾರದಲ್ಲೂ ಕುದಿಸಿ, ಕರಗದೆ ಉಳಿದದ್ದನ್ನು ತೂಗುವುದು. ಹುಲ್ಲಿನ ಎಸಳು ಉಳಿಯುತ್ತದೆ, ಭತ್ತದ ಹೊಟ್ಟು ಉಳಿಯುತ್ತದೆ, ಶೇಂಗಾ ಸಿಪ್ಪೆಯೂ ಉಳಿಯುತ್ತದೆ. ಅಗ್ಗದ ಸಿಪ್ಪೆ ಬೆರೆಸಿ ಅಂಕಿ ಏರಿಸುವುದಕ್ಕೆ ದೊಡ್ಡ ಬುದ್ಧಿ ಬೇಕಿಲ್ಲ. ಆದ್ದರಿಂದ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಹುಲ್ಲಿನದೋ, ಗೋವಿನಜೋಳ–ಗೋಧಿ ಬೂಸಾದ್ದೋ ನೋಡಬೇಕು. ಪಟ್ಟಿಯೇ ಇಲ್ಲದಿದ್ದರೆ ಆ ಪೊಟ್ಟಣ ಬಿಡುವುದು ಕ್ಷೇಮ. ಮನೆಯಲ್ಲೇ ಮಾಡಬಹುದಾದ ಒಂದು ಒರಟು ಪರೀಕ್ಷೆ ಇದೆ. ನಾಲ್ಕು ಪೆಲೆಟ್‌ಗಳನ್ನು ಬಿಳಿ ಬಟ್ಟಲಲ್ಲಿ ಹಾಕಿ ಮುಳುಗುವಷ್ಟು ಬಿಸಿನೀರು ಸುರಿದು ಸ್ವಲ್ಪ ಹೊತ್ತು ಬಿಡಿ. ಅವು ಉಬ್ಬಿ ಒಡೆದಾಗ ಬೆರಳಲ್ಲಿ ಹರಡಿ ನೋಡಿದರೆ, ಒಳ್ಳೆಯದರಲ್ಲಿ ಸಣ್ಣ ಸಣ್ಣ ಹುಲ್ಲೆಳೆಗಳು ಕಾಣುತ್ತವೆ, ವಾಸನೆ ಬಣವಿಯನ್ನು ನೆನಪಿಸುತ್ತದೆ. ಧಾನ್ಯದ್ದಾದರೆ ಅಂಬಲಿಯಂತೆ ಬಗ್ಗಡವಾಗಿ ಕೈಗೆ ಅಂಟುತ್ತದೆ. ಕಾಕಂಬಿಯ ಸಿಹಿ ವಾಸನೆ ಬಂದರೂ ಬರಬಹುದು. ಇದು ಪ್ರಯೋಗಾಲಯದ ವರದಿಯಲ್ಲ, ನಿಜ. ಆದರೆ ಹೊಳೆಯುವ ಕಾಗದದ ಮೇಲಿನ ಮೊಲದ ಚಿತ್ರಕ್ಕಿಂತ ಹೆಚ್ಚು ಹೇಳುತ್ತದೆ.

'ನಮ್ಮ ಮೊಲ ಆ ಬಣ್ಣದ ಮಿಶ್ರಣವನ್ನೇ ಇಷ್ಟಪಡುತ್ತದೆ, ಪೆಲೆಟ್ ಮೂಸುವುದೂ ಇಲ್ಲ' ಎಂಬ ಮಾತು ಸಾಮಾನ್ಯ. ಇಷ್ಟಪಡುವುದು ನಿಜ, ತೊಂದರೆ ಇರುವುದೂ ಅಲ್ಲೇ. ಬಯಲಿನ ಬಡ ಹುಲ್ಲಿನ ನಡುವೆ ಹುಟ್ಟಿದ ಪ್ರಾಣಿ ಸಿಹಿ, ಪಿಷ್ಟ ಕಂಡಲ್ಲಿ ಬಾಚಿಕೊಳ್ಳುವ ಹಾಗೆ ರೂಪುಗೊಂಡಿದೆ. ನಮ್ಮ ಮಕ್ಕಳು ಚಾಕಲೇಟ್ ಇಷ್ಟಪಡುವುದರಿಂದ ಅದು ಊಟವಾಗುವುದಿಲ್ಲವಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದ ಪಶುವೈದ್ಯರು 32 ಡಚ್ ಮೊಲಗಳನ್ನು ನಾಲ್ಕು ಗುಂಪು ಮಾಡಿ 17 ತಿಂಗಳು ಸಾಕಿ, 2014ರಿಂದ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಬರೀ ಒಣಹುಲ್ಲು, ಒಂದಕ್ಕೆ ಹುಲ್ಲಿನ ಜೊತೆ ಒಂದೇ ಅಚ್ಚಿನ ಗುಳಿಗೆ, ಒಂದಕ್ಕೆ ಹುಲ್ಲಿನ ಜೊತೆ ಮಿಶ್ರಣ, ಇನ್ನೊಂದಕ್ಕೆ ಬರೀ ಮಿಶ್ರಣ. ಮಿಶ್ರಣ ಸಿಕ್ಕ ಮೊಲಗಳು ಬೇಕಾದ್ದನ್ನು ಹೆಕ್ಕಿ ತಿಂದು ಉಳಿದದ್ದನ್ನು ಬಿಟ್ಟವು. ಎದುರಿಗೇ ಹುಲ್ಲಿದ್ದರೂ ಕಡಿಮೆ ತಿಂದವು. ಹೆಕ್ಕಿ ಬಿಟ್ಟ ಮೇಲೆ ಪೊಟ್ಟಣದ ಹಿಂಬದಿಯ ಅಂಕಿಗಳಿಗೆ ಅರ್ಥವೇ ಉಳಿಯುವುದಿಲ್ಲ. ಪೆಲೆಟ್‌ನ ದೊಡ್ಡ ಗುಣವೇ ಅದು: ಪ್ರತಿ ತುಂಡೂ ಒಂದೇ, ಆರಿಸಲು ಏನೂ ಇಲ್ಲ.

ಖರ್ಚು ಉಳಿಸಲು ದನದ ಹಿಂಡಿ ಅಥವಾ ಕೋಳಿ ಆಹಾರ ಹಾಕಬಹುದೇ? ಕರ್ನಾಟಕ ಹಾಲು ಮಹಾಮಂಡಳದ ಪಶು ಆಹಾರ ಘಟಕಗಳಲ್ಲಿ ಒಂದು ಪಕ್ಕದ ಧಾರವಾಡದಲ್ಲೇ ಇರುವುದರಿಂದ ಆಸೆ ಹುಟ್ಟುವುದು ಸಹಜ. ಗುಳಿಗೆಯ ಆಕಾರವೂ ಅದೇ. ಆದರೆ ಅದು ನಾಲ್ಕು ಕೋಣೆಯ ಹೊಟ್ಟೆಗೆ ಮಾಡಿದ ಆಹಾರ. ಕೋಳಿ ಆಹಾರ ಇನ್ನೂ ಅಪಾಯ. ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿಯನ್ನು ತಡೆಯಲು ಕೋಳಿಗೆ ಬೆರೆಸುವ ನರಾಸಿನ್‌ನಂಥ ಔಷಧದಿಂದ ಮೊಲಗಳು ಸತ್ತದ್ದು ದಾಖಲಾಗಿದೆ. ನಮ್ಮ ಭಾಗದಲ್ಲಿ ಮತ್ತೊಂದು ಎಚ್ಚರಿಕೆ ಬೇಕು: ಶೇಂಗಾ ಹಿಂಡಿ ಮತ್ತು ಗೋವಿನಜೋಳ. ಇವೆರಡರ ಮೇಲೂ ಬೂಸ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಬೆಳಕಿಗೆ ಬಂದದ್ದೇ ಶೇಂಗಾ ಹಿಂಡಿಯಿಂದ. ಈ ವಿಷವನ್ನು ತೀರಾ ತಡೆದುಕೊಳ್ಳದ ಪ್ರಾಣಿಗಳ ಸಾಲಿನಲ್ಲಿ ಬಾತುಕೋಳಿ ಮರಿಯ ಜೊತೆಗೆ ಮೊಲವೂ ಇದೆ. ದೇಹತೂಕದ ಪ್ರತಿ ಕಿಲೋಗೆ ಮಿಲಿಗ್ರಾಮಿನ ಮೂರನೇ ಒಂದಂಶ ಸಾಕು ಅದನ್ನು ಕೊಲ್ಲಲು.

ಹಾಗಾದರೆ ಪೆಲೆಟ್ಟೇ ಬೇಡ, ಹುಲ್ಲೊಂದೇ ಸಾಕಲ್ಲ ಎನ್ನುವವರ ಮಾತಿಗೆ ತೂಕವಿದೆ. ಎಡಿನ್‌ಬರೋದಲ್ಲಿ ಬರೀ ಹುಲ್ಲು ತಿಂದ ಮೊಲಗಳಿಗೆ ಬೊಜ್ಜು ಬರಲಿಲ್ಲ. ನಮ್ಮ ಊರೂ ಅಂಥದ್ದೇ: ಝಾನ್ಸಿಯಲ್ಲಿ 1962ರಲ್ಲಿ ಶುರುವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ ಇರುವುದು ಧಾರವಾಡದಲ್ಲಿ, ಮತ್ತು ಕೃಷಿ ವಿಶ್ವವಿದ್ಯಾಲಯದ ಆವರಣವೂ ಇಲ್ಲೇ. ಇಂಥ ಊರಿನಲ್ಲಿ ಕುಳಿತು ಅಮೆರಿಕದ ಟಿಮೊಥಿ ಹುಲ್ಲಿಗೆ ದುಡ್ಡು ಸುರಿಯುವುದು ಸ್ವಲ್ಪ ತಮಾಷೆಯಾಗಿಯೇ ಕಾಣುತ್ತದೆ. ನೆರಳಲ್ಲಿ ಒಣಗಿಸಿದ ಕರಿಕಿ ಮತ್ತು ಇತರ ಎಳೆ ಹುಲ್ಲು ಮೊಲಕ್ಕೆ ಧಾರಾಳವಾಗಿ ಸಾಗುತ್ತವೆ. ಔಷಧ ಹೊಡೆದ ಹೊಲದ ಬದು, ನಾಯಿ ಓಡಾಡುವ ರಸ್ತೆ ಬದಿ ಇವೆರಡನ್ನು ಬಿಟ್ಟು ತರಬೇಕು ಅಷ್ಟೇ. ತೊಡಕು ಇರುವುದು ಋತುವಿನಲ್ಲಿ. ಹೂಬಿಟ್ಟು ಬಲಿತು, ಬೇಸಿಗೆಗೆ ಬಣವಿ ಸೇರಿದ ಹುಲ್ಲಿನಲ್ಲಿ ನಾರು ಧಾರಾಳ, ಆದರೆ ಪ್ರೋಟೀನ್ ಶೇ. 3–4ಕ್ಕೆ ಇಳಿದಿರುತ್ತದೆ, ಎ ಜೀವಸತ್ವವಂತೂ ಬಿಸಿಲಿಗೆ ಹಾರಿಹೋಗಿರುತ್ತದೆ. ಆ ಕೊರತೆ ತುಂಬಲು ಪೆಲೆಟ್ ಬೇಕು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಹೆಚ್ಚೆಂದರೆ 25 ಗ್ರಾಂ; ಎರಡು ಕಿಲೋ ಮೊಲಕ್ಕೆ 50 ಗ್ರಾಂ, ಮಳೆಗಾಲದಲ್ಲಿ ಹಸಿ ಹುಲ್ಲು ಸೊಂಪಾಗಿ ಸಿಗುವಾಗ ಇನ್ನೂ ಕಡಿಮೆ. ಬಟ್ಟಲು ತುಂಬಿಸಿಟ್ಟು ಕೆಲಸಕ್ಕೆ ಹೋಗುವುದು ಮೊಲಕ್ಕೆ ಮಾಡುವ ಉಪಕಾರವಲ್ಲ.

ಪೊಟ್ಟಣದ ಮೇಲೆ ತಯಾರಾದ ತಿಂಗಳು–ವರ್ಷ ಇರಲೇಬೇಕೆಂದು 2011ರ ಪೊಟ್ಟಣ ಸರಕು ನಿಯಮಗಳು ಹೇಳುತ್ತವೆ. ಗೋಣಿಚೀಲದಿಂದ ತೂಗಿ ಬಿಡಿಯಾಗಿ ಕೊಡುವ ಪೆಲೆಟ್‌ಗೆ ಈ ಗುರುತೂ ಇರುವುದಿಲ್ಲ. ತಯಾರಾಗಿ ಮೂರು ತಿಂಗಳು ದಾಟಿದರೆ ಎ ಮತ್ತು ಇ ಜೀವಸತ್ವ ಕುಗ್ಗತೊಡಗುತ್ತವೆ. ಧಾರವಾಡದ ಜೂನ್–ಸೆಪ್ಟೆಂಬರಿನ ಜಿಟಿಜಿಟಿ ಮಳೆಯಲ್ಲಂತೂ ಬಾಯಿ ತೆರೆದ ಚೀಲ ಕೆಲವೇ ದಿನಗಳಲ್ಲಿ ಮೆತ್ತಗಾಗುತ್ತದೆ. ತಿಂಗಳಿಗೆ ಆಗುವಷ್ಟು ಮಾತ್ರ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು, ಮುಗ್ಗಲು ವಾಸನೆ ಬಂದರೆ ಒಣಗಿಸಿ ಹಾಕದೆ ಪೂರ್ತಿ ಚೆಲ್ಲುವುದು; ಬೂಸ್ಟು ಬಿಸಿಲಿಗೆ ಒಣಗಿದರೂ ವಿಷ ಉಳಿಯುತ್ತದೆ. ಹೊಸ ಪೆಲೆಟ್‌ಗೆ ಬದಲಾಯಿಸುವಾಗ ಹಳೆಯದರಲ್ಲಿ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಹತ್ತು ದಿನ ತೆಗೆದುಕೊಳ್ಳಬೇಕು. ಆ ಹತ್ತು ದಿನ ಬೆಳಿಗ್ಗೆ ಗೂಡು ಗುಡಿಸುವಾಗ ಹಿಕ್ಕೆಯನ್ನು ನೋಡಿ. ದೊಡ್ಡದಾಗಿ, ದುಂಡಗೆ, ಒಣಗಿ, ಮುರಿದರೆ ಒಳಗೆ ಹುಲ್ಲಿನ ಪುಡಿ ಕಂಡರೆ ಆಯ್ಕೆ ಸರಿಯಿದೆ. ಸಣ್ಣದಾಗಿ ಕಪ್ಪಗೆ ಗಟ್ಟಿಯಾಗಿದ್ದರೆ ಹುಲ್ಲು ಸಾಲುತ್ತಿಲ್ಲ. ತಿನ್ನದೆ ಬಿಟ್ಟ ಮೆತ್ತನೆಯ ಹಿಕ್ಕೆ ನೆಲಕ್ಕೋ ಬಾಲದ ಕೂದಲಿಗೋ ಅಂಟಿದ್ದರೆ ಪೆಲೆಟ್ ಹೆಚ್ಚಾಗಿದೆ. ಮರುದಿನದಿಂದ ಅಳತೆ ಅರ್ಧಕ್ಕೆ ಇಳಿಯಲಿ, ಹುಲ್ಲು ಎರಡು ಹಿಡಿ ಹೆಚ್ಚಲಿ.